ಪದ ಪರಿಚಯ: ಉಗಿ ಟ್ಯಾಂಕ್

ಮಂಗಳೂರಿನ ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಥರ್ಮೋಕೋಲಿನ ಟ್ಯಾಂಕ್ ಮಾಡಿ, ನೆತ್ತಿಗೆ ಕೊಳವೆ ಸಿಕ್ಕಿಸಿ, ಹತ್ತಿಯ ಹೊಗೆ ಅಂಟಿಸಿ, ಕೆಳಗೆ ‘ಮೊದಲ ಮಹಾಯುದ್ಧದ ಉಗಿ ಟ್ಯಾಂಕ್’ ಎಂದು ಬರೆಯುವುದು ಒಂದು ಚಾಳಿಯಾಗಿದೆ. ಮಕ್ಕಳನ್ನು ಬಿಡಿ, ಬಹುಮಾನ ಕೊಡುವ ದೊಡ್ಡವರಾದರೂ ಒಮ್ಮೆ ತಡೆದು ಕೇಳಬಾರದೇ? 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗಕ್ಕೆ ಇಳಿದ ಬ್ರಿಟಿಷರ ಮಾರ್ಕ್ 1 ಟ್ಯಾಂಕಿಗೂ ಉಗಿಗೂ ಸಂಬಂಧವಿಲ್ಲ. ಅದರೊಳಗಿದ್ದದ್ದು 105 ಅಶ್ವಶಕ್ತಿಯ ಡೈಮ್ಲರ್ ಪೆಟ್ರೋಲ್ ಎಂಜಿನ್. ನೆತ್ತಿಯಿಂದ ಹೊರಟದ್ದು ಸೈಲೆನ್ಸರ್ ಇಲ್ಲದ ಆ ಎಂಜಿನ್ನಿನ ಹೊಗೆ.

ಹೊಗೆ ಕಂಡಲ್ಲೆಲ್ಲ ಉಗಿ ಎನ್ನುವ ಅಭ್ಯಾಸ ನಮಗೆ ರೈಲಿನಿಂದ ಬಂದಿರಬೇಕು. ಹಳಬರು ಅದನ್ನು ಹೊಗೆಬಂಡಿ ಎಂದರು. ಕಣ್ಣಿಗೆ ಕಂಡದ್ದಕ್ಕೆ ಹೆಸರಿಟ್ಟರು, ತಪ್ಪೇನಿಲ್ಲ. ಪುಸ್ತಕದವರು ತಿದ್ದಿ ಉಗಿಬಂಡಿ ಎಂದರು. ಎರಡೂ ಒಂದೇ ಬಂಡಿಯ ಹೆಸರಾದ್ದರಿಂದ ಹೊಗೆ ಮತ್ತು ಉಗಿಯೂ ಒಂದೇ ಎಂದು ಜನ ತೀರ್ಮಾನಿಸಿಬಿಟ್ಟರು. ಹೊಗೆ ಒಲೆಯದ್ದು, ಉಗಿ ನೀರಿನದ್ದು. ಅಷ್ಟೇ ಅಲ್ಲ, ಅಪ್ಪಟ ಉಗಿ ಕಣ್ಣಿಗೆ ಕಾಣುವುದೇ ಇಲ್ಲ. ಮೂಡೆ ಬೇಯಿಸುವ ಪಾತ್ರೆಯ ಮುಚ್ಚಳದ ಸಂದಿಯನ್ನು ಹತ್ತಿರದಿಂದ ನೋಡಿ: ಸಂದಿಗೆ ತಾಗಿ ಒಂದಿಷ್ಟು ಜಾಗ ಖಾಲಿಯಾಗಿ ತೋರುತ್ತದೆ, ಬಿಳಿ ಹಬೆ ಆಮೇಲೆ ಶುರುವಾಗುತ್ತದೆ. ಆ ಬಿಳಿಯದ್ದು ತಣಿದು ಹನಿಯಾದ ನೀರು. ಕೈ ಸುಡುವುದು ಖಾಲಿ ಕಾಣುವ ಜಾಗದಲ್ಲಿ.

ಇದರ ಬೆನ್ನಿಗೇ ಇನ್ನೊಂದು ತಪ್ಪು ಬರುತ್ತದೆ: ಉಗಿ ಎಂದರೆ ಕಲ್ಲಿದ್ದಲು ಎಂಬುದು. ಉಗಿ ಇಂಧನವಲ್ಲ, ಶಾಖವನ್ನು ಹೊತ್ತೊಯ್ಯುವ ಕೂಲಿಯಾಳು. ಒಲೆಗೆ ಏನನ್ನಾದರೂ ಹಾಕಬಹುದು. ನಮ್ಮ ಕುಚ್ಚಲಕ್ಕಿ ಮಿಲ್ಲುಗಳ ಬಾಯ್ಲರಿಗೆ ಭತ್ತದ ಉಮಿಯೇ ಸಾಕು. 1918ರಲ್ಲಿ ಅಮೆರಿಕದ ಸೇನೆಯ ಎಂಜಿನಿಯರುಗಳು ಬೋಸ್ಟನ್ನಿನಲ್ಲಿ ಕಟ್ಟಿಸಿದ ನಿಜವಾದ ಉಗಿ ಟ್ಯಾಂಕ್ ಸೀಮೆಎಣ್ಣೆ ಉರಿಸುತ್ತಿತ್ತು.

ಪದ ನ್ಯಾಯವಾಗಿ ಸಲ್ಲಬೇಕಾದದ್ದು ಅದಕ್ಕೆ. ಸುಮಾರು 45 ಟನ್ ತೂಕ, ಎರಡು ಎಂಜಿನ್‌ಗಳಿಂದ ಒಟ್ಟು 500 ಅಶ್ವಶಕ್ತಿ, ಮುಖ್ಯ ಆಯುಧ ಬೆಂಕಿ ಉಗುಳುವ ಯಂತ್ರ. ಒಂದೇ ಒಂದು ತಯಾರಾಯಿತು. ಫ್ರಾನ್ಸಿಗೆ ಹೋಯಿತು, ಆದರೆ ಕಾದಾಡುವ ಮೊದಲೇ ಯುದ್ಧ ಮುಗಿಯಿತು. 1900ರ ಸುಮಾರಿಗೆ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಬೋಯರ್ ಯುದ್ಧಕ್ಕಾಗಿ ಬ್ರಿಟನ್ನಿನ ಫೌಲರ್ ಕಂಪನಿ ಕವಚ ತೊಡಿಸಿದ ಉಗಿ ಎಂಜಿನ್‌ಗಳನ್ನು ಕೆಲವರು ಇದೇ ಸಾಲಿಗೆ ಸೇರಿಸುತ್ತಾರೆ. ಅವು ಫಿರಂಗಿ, ಸರಕು ಎಳೆಯುವ ಬಂಡಿಗಳು. ಗುಂಡು ನಾಟದಂತೆ ತಗಡು ಹೊದ್ದ ಮಾತ್ರಕ್ಕೆ ಟ್ಯಾಂಕ್ ಆಗುವುದಿಲ್ಲ.

ಹಾಗಾದರೆ ಉಗಿ ದಡ್ಡ ಆಯ್ಕೆಯೇ? ಅಲ್ಲವೇ ಅಲ್ಲ. ಉಗಿ ಎಂಜಿನ್ ನಿಂತಲ್ಲಿಂದಲೇ ಪೂರ್ತಿ ಬಲ ಕೊಡುತ್ತದೆ, ಕ್ಲಚ್ಚು, ಗೇರುಪೆಟ್ಟಿಗೆಗಳ ಹಂಗಿಲ್ಲ. ಮಾರ್ಕ್ 1 ಅನ್ನು ತಿರುಗಿಸಲು ಚಾಲಕ, ಬ್ರೇಕ್ ಹಿಡಿಯುವ ಅಧಿಕಾರಿ, ಗೇರು ಬದಲಿಸುವ ಇಬ್ಬರು ಹೀಗೆ ನಾಲ್ಕು ಜನ ಬೇಕಿತ್ತು. ಅಮೆರಿಕದ ಟ್ಯಾಂಕಿನಲ್ಲಿ ಎರಡೂ ಬದಿಯಲ್ಲಿ ನೆಲದ ಮೇಲೆ ಉರುಳುವ ಉಕ್ಕಿನ ಪಟ್ಟಿಗಳಿಗೆ ಒಂದೊಂದು ಎಂಜಿನ್. ಒಂದಕ್ಕೆ ಉಗಿ ಕಡಿಮೆ ಬಿಟ್ಟರೆ ಬಂಡಿ ತಾನೇ ಆ ಕಡೆ ತಿರುಗುತ್ತದೆ. ‘ಗುಂಡು ತಗುಲಿದರೆ ಬಾಯ್ಲರ್ ಸಿಡಿಯುವುದಿಲ್ಲವೇ’ ಎಂದು ಕೇಳುವವರು ಮಾರ್ಕ್ 1ರ ಪೆಟ್ರೋಲ್ ತೊಟ್ಟಿಗಳು ಚಾಲಕನ ಎರಡೂ ಬದಿಗಿದ್ದವು ಎಂಬುದನ್ನು ಮರೆಯುತ್ತಾರೆ. ನೀರು ಕಡಿಮೆ ಹಿಡಿಯುವ ಕೊಳವೆ ಬಾಯ್ಲರ್ ಹಳೆಯ ದೊಡ್ಡ ಬಾಯ್ಲರಿನಂತೆ ಸಿಡಿಯುವುದೂ ಇಲ್ಲ.

ಕೆಟ್ಟದ್ದು ನೀರಿನಿಂದ. ಬಳಸಿದ ಉಗಿಯನ್ನು ಹಾಗೆಯೇ ಹೊರಬಿಡುವ ಎಂಜಿನ್ ಒಂದು ಅಶ್ವಶಕ್ತಿಗೆ ಗಂಟೆಗೆ 10 ಕಿಲೋ ನೀರು ಕುಡಿಯುತ್ತದೆ ಎಂದು ಹಿಡಿಯಿರಿ. 500 ಅಶ್ವಶಕ್ತಿಗೆ ಪೂರ್ಣ ಬಲದಲ್ಲಿ ಗಂಟೆಗೆ 5 ಟನ್. ಅದೂ ಶುದ್ಧ ನೀರು. ಕಂದಕದ ಕೆಸರು ನೀರು ಸುರಿದರೆ ಕೊಳವೆಗಳಲ್ಲಿ ಗಸಿ ಕಟ್ಟುತ್ತದೆ, ಮಿಲ್ಲಿನವರನ್ನು ಕೇಳಿದರೆ ಹೇಳುತ್ತಾರೆ. ಟ್ಯಾಂಕಿನ ಹಿಂದೆ ಟ್ಯಾಂಕರ್ ಓಡಬೇಕು. (ಬ್ರಿಟಿಷರು ಗುಟ್ಟು ಕಾಯಲು ‘ಟ್ಯಾಂಕ್’ ಎಂದು ಹೆಸರಿಟ್ಟಾಗ ಕಾರ್ಖಾನೆಯಲ್ಲಿ ಹಬ್ಬಿಸಿದ ಕಥೆ, ಇದು ಮೆಸೊಪೊಟೇಮಿಯಕ್ಕೆ ನೀರು ಸಾಗಿಸುವ ತೊಟ್ಟಿ ಎಂದು. ಉಗಿ ಟ್ಯಾಂಕಿನ ಮಟ್ಟಿಗೆ ಅದು ಸುಳ್ಳೂ ಆಗುತ್ತಿರಲಿಲ್ಲ.)

ಉಗಿಯನ್ನು ತಣಿಸಿ ಅದೇ ನೀರನ್ನು ಮತ್ತೆ ಬಳಸಬಹುದಲ್ಲ ಎನ್ನಬಹುದು. ಆದರೆ ಒಂದು ಕಿಲೋ ಉಗಿ ನೀರಾಗುವಾಗ ಸುಮಾರು 2,257 ಕಿಲೋಜೂಲ್ ಶಾಖ ಬಿಡುತ್ತದೆ. ಅದನ್ನು ಎಲ್ಲಿಗೆ ಸುರಿಯುವುದು? ಉಡುಪಿಯ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರಕ್ಕೆ ತಂಪು ಮಾಡಿಕೊಳ್ಳಲು ಅರಬ್ಬಿ ಸಮುದ್ರದ ನೀರಿದೆ. ಟ್ಯಾಂಕಿಗೆ ಇರುವುದು ಗಾಳಿ ಮಾತ್ರ. ಗಾಳಿ ನುಗ್ಗಲು ಕವಚದಲ್ಲಿ ದೊಡ್ಡ ಕಿಂಡಿಗಳು ಬೇಕು, ಗಾಳಿ ಬರುವಲ್ಲಿ ಗುಂಡಿನ ಚೂರೂ ಬರುತ್ತದೆ. ಕಿಂಡಿ ಚಿಕ್ಕದಾದರೆ ಒಳಗಿನವರು ಬೇಯುತ್ತಾರೆ. ಪೆಟ್ರೋಲ್ ಎಂಜಿನ್ ತನ್ನ ಶಾಖದ ದೊಡ್ಡ ಪಾಲನ್ನು ಹೊಗೆಕೊಳವೆಯಲ್ಲೇ ಕಳಿಸಿಬಿಡುವುದರಿಂದ ಅದರ ರೇಡಿಯೇಟರ್ ಚಿಕ್ಕದಿದ್ದರೂ ನಡೆಯುತ್ತದೆ.

ಉಗಿಯಿಂದ ಓಡಿ ನಿಜವಾಗಿ ಕಾದಾಡಿದ ಕವಚ ವಾಹನ ಬೇಕೆಂದರೆ ಹಳಿಯ ಮೇಲೆ ಹುಡುಕಬೇಕು. 1899ರ ನವೆಂಬರ್ 15ರಂದು ದಕ್ಷಿಣ ಆಫ್ರಿಕಾದ ನೇಟಾಲಿನಲ್ಲಿ, ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ ಸೆರೆಸಿಕ್ಕದ್ದು ಅಂಥದೊಂದು ಕವಚ ರೈಲಿನ ಮೇಲೆ ಬೋಯರರು ದಾಳಿ ಮಾಡಿದಾಗ. ಕವಚ ರೈಲುಗಳು ಎರಡು ಮಹಾಯುದ್ಧಗಳಲ್ಲೂ ಓಡಿದವು, ಏಕೆಂದರೆ ಹಳಿಯುದ್ದಕ್ಕೂ ನಿಲ್ದಾಣಗಳಲ್ಲಿ ನೀರಿನ ಕಂಬಗಳಿದ್ದವು.

ಇನ್ನು ಅಮೆರಿಕದ ಈಗಿನ ಅಬ್ರಾಮ್ಸ್ ಟ್ಯಾಂಕಿಗೆ 1,500 ಅಶ್ವಶಕ್ತಿಯ ಟರ್ಬೈನ್ ಇದೆ ಎಂದು ಓದಿ, ‘ಟರ್ಬೈನ್ ಎಂದರೆ ಉಗಿ ತಾನೇ’ ಎನ್ನುವವರಿಗೆ: ಅದು ಗ್ಯಾಸ್ ಟರ್ಬೈನ್. ಬಿಸಿ ಗಾಳಿಯೇ ಅದರ ಚಕ್ರವನ್ನು ತಿರುಗಿಸುತ್ತದೆ, ಬಾಯ್ಲರ್ ಇಲ್ಲ, ಕಾಯಿಸುವ ನೀರೂ ಇಲ್ಲ.