ಆಪಾತಾನಿ ಹೆಂಗಸರ ಹಚ್ಚೆ: ಒಂದು ಕಥೆ ಸಾಲದು

ಅರುಣಾಚಲ ಪ್ರದೇಶದ ಜೀರೊ ಕಣಿವೆಗೆ ಹೋಗಿಬಂದವರ ಮೊಬೈಲ್‌ನಲ್ಲಿ ಭತ್ತದ ಗದ್ದೆಗಳ ಜತೆ ಒಬ್ಬ ಅಜ್ಜಿಯ ಚಿತ್ರವೂ ಇದ್ದೇ ಇರುತ್ತದೆ. ಹಣೆಯಿಂದ ಮೂಗಿನ ತುದಿಯವರೆಗೆ ಇಳಿದ ನೀಲಿ ಗೆರೆ, ಗದ್ದದ ಮೇಲೆ ಐದು ನೇರ ಗೆರೆಗಳು, ಎರಡೂ ಹೊಳ್ಳೆಗಳ ಮೇಲೆ ಕಪ್ಪು ಬಿಲ್ಲೆ. ಚಿತ್ರದ ಕೆಳಗಿನ ಬರಹವೂ ಹೆಚ್ಚುಕಡಿಮೆ ಒಂದೇ: ಈ ಕಣಿವೆಯ ಆಪಾತಾನಿ ಬುಡಕಟ್ಟಿನ ಹೆಣ್ಣುಮಕ್ಕಳು ಬಲು ಚೆಲುವೆಯರು, ನೆರೆಯ ನಿಶಿ ಜನ ಅವರನ್ನು ಹೊತ್ತೊಯ್ಯುತ್ತಿದ್ದರು, ಅದಕ್ಕೇ ಮುಖವನ್ನು ವಿಕಾರ ಮಾಡಿಕೊಂಡರು.

ಆಪಾತಾನಿಗಳಲ್ಲೇ ಹಲವರು ಈ ಕಥೆ ಹೇಳುತ್ತಾರೆ. ಹಾಗಾಗಿ ಕಟ್ಟುಕಥೆ ಎಂದು ತಳ್ಳಿಹಾಕಲಾಗದು. ಆದರೆ ಅದೊಂದೇ ಕಾರಣವಾಗಿದ್ದರೆ ಗಂಡಸರು ಕೆಳತುಟಿಯ ಅಡಿಯಲ್ಲಿ ಹಚ್ಚೆ ಹಾಕಿಸಿಕೊಂಡದ್ದು ಯಾತಕ್ಕೆ? ಅವರ ಚೆಲುವಿಗೆ ಹೆದರಿದವರು ಯಾರು?

ಉತ್ತರಕ್ಕೆ ಕಣಿವೆಯನ್ನೇ ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ, ಬೆಟ್ಟಗಳ ನಡುವೆ ಒಂದು ಪುಟ್ಟ ಬಯಲು. ಸುತ್ತಲಿನ ಬುಡಕಟ್ಟುಗಳು ಕಾಡು ಕಡಿದು, ಸುಟ್ಟು, ಬಿತ್ತಿ ಮುಂದೆ ಸಾಗುವ ಕುಮರಿ ಬೇಸಾಯ ನಡೆಸುತ್ತಿದ್ದಾಗ ಆಪಾತಾನಿಗಳು ಒಂದೇ ನೆಲದಲ್ಲಿ ನೀರು ಕಟ್ಟಿ ಭತ್ತ ಬೆಳೆದರು. ನೇಗಿಲಿಲ್ಲ, ಎತ್ತಿಲ್ಲ, ಗುದ್ದಲಿಯೇ ಎಲ್ಲ. ಬಿದಿರು ಮೆಳೆಗೂ ಪೈನ್ ತೋಪಿಗೂ ಒಡೆಯರಿದ್ದರು. ಮನೆಗಳು ಒಂದಕ್ಕೊಂದು ಅಂಟಿಕೊಂಡಂತಿದ್ದ ಹಳ್ಳಿಗಳಲ್ಲಿ ಜಗಳಕ್ಕೇನು ಕೊರತೆ! ಅದನ್ನು ತೀರ್ಮಾನಿಸಲು ಕುಲದ ಹಿರಿಯರ ಕೂಟವಾದ ‘ಬುಲ್ಯಾಂಗ್’ ಇತ್ತು. ಜನ ಸೇರಲು ‘ಲಪಾಂಗ್’ ಎಂಬ ಮರದ ಹಲಗೆಯ ಕಟ್ಟೆ ಇತ್ತು. ಇಬ್ಬರು ಶ್ರೀಮಂತರಿಗೆ ಹಟ ಹುಟ್ಟಿದರೆ ಒಬ್ಬ ತನ್ನ ಮಿಥುನ್‌ಗಳನ್ನೇ ಎದುರಾಳಿಯ ಮನೆ ಮುಂದೆ ಕಡಿಸುತ್ತಿದ್ದ, ಇನ್ನೊಬ್ಬ ಅದಕ್ಕಿಂತ ಹೆಚ್ಚು ಕಡಿಸಿ ಉತ್ತರ ಕೊಡಬೇಕಿತ್ತು. ಮಿಥುನ್ ಎಂದರೆ ಕಾಟಿಯನ್ನು ಹೋಲುವ, ಈ ಬೆಟ್ಟಗಳಲ್ಲಿ ಸಂಪತ್ತನ್ನು ಅಳೆಯುವ ದನ.

ಈ ಮಿಥುನ್ ಬರುತ್ತಿದ್ದುದು ಬಹುಪಾಲು ನಿಶಿಗಳಿಂದಲೇ. ಕಣಿವೆಯ ಅಕ್ಕಿ ಬೆಟ್ಟಕ್ಕೆ ಹತ್ತುತ್ತಿತ್ತು, ಬೆಟ್ಟದ ಹತ್ತಿ ಕಣಿವೆಗೆ ಇಳಿದು ಆಪಾತಾನಿ ಹೆಂಗಸರ ಮಗ್ಗದಲ್ಲಿ ಬಟ್ಟೆಯಾಗುತ್ತಿತ್ತು. ನಡುನಡುವೆ ದಾಳಿಗಳೂ ನಡೆಯುತ್ತಿದ್ದವು ನಿಜ. ಆದರೆ ಸೆರೆಹಿಡಿದವರನ್ನು ಮಿಥುನ್ ಪಡೆದು ಬಿಡುವುದು ವಾಡಿಕೆಯಾಗಿತ್ತು. ಹಾಗೆ ಸೆರೆ ಸಿಕ್ಕವರಲ್ಲಿ ಗಂಡಸರೂ ಇದ್ದರು. ಒತ್ತೆಹಣಕ್ಕಾಗಿ ಹಿಡಿಯುವವನು ಮುಖದ ಚೆಲುವನ್ನು ನೋಡುತ್ತಿದ್ದನೇ ಎಂಬುದು ನನ್ನ ಅನುಮಾನ. ಇಷ್ಟು ಹತ್ತಿರ ಬಾಳುವ ಜನರ ನಡುವೆ ತಾನು ಯಾರು ಎಂದು ತೋರಿಸುವ ಗುರುತಿಗೆ ಬೆಲೆಯಿತ್ತು ಎಂಬ ವಿವರಣೆ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಹುಡುಗಿಯರಿಗೆ ಎಳವೆಯಲ್ಲೇ ಮುಳ್ಳಿನಿಂದ ಚುಚ್ಚಿ, ಹಂದಿಯ ಕೊಬ್ಬಿಗೆ ಮಸಿ ಬೆರೆಸಿ ತುಂಬುತ್ತಿದ್ದರು. ನೋವು ಸಣ್ಣದಲ್ಲ. ಆದರೂ ಹಚ್ಚೆ, ಬಿಲ್ಲೆ ಎರಡೂ ಇದ್ದ ಮುಖವೇ ಚೆಂದ ಎಂದು ಹೇಳುವ ಅಜ್ಜಿಯರು ಅಲ್ಲಿದ್ದಾರೆ.

1897ರಲ್ಲಿ ಬ್ರಿಟಿಷರ ದಂಡೊಂದು ಕಣಿವೆಗೆ ಬಂದು ಹೋಯಿತು. ಅದರಿಂದ ಬದುಕು ಬದಲಾಗಲಿಲ್ಲ. 1944ರಲ್ಲಿ ಸರ್ಕಾರದ ವಿಶೇಷ ಅಧಿಕಾರಿಯಾಗಿ ಬಂದ ಮಾನವಶಾಸ್ತ್ರಜ್ಞ ಕ್ರಿಸ್ಟೋಫ್ ಫಾನ್ ಫ್ಯೂರರ್ ಹೈಮೆಂಡೋರ್ಫ್ ಮೊದಲ ವಿವರವಾದ ದಾಖಲೆ ಮಾಡಿದರು. ಸಮಾಜದಲ್ಲಿದ್ದ ಎರಡು ವರ್ಗಗಳು, ಅವುಗಳ ನಡುವೆ ಮದುವೆಯಿಲ್ಲದಿದ್ದುದು, ಗುಲಾಮಗಿರಿ ಎಲ್ಲವೂ ಅವರ ಬರಹಗಳಲ್ಲಿವೆ. ಕಣಿವೆಯನ್ನು ಬರಿಯ ಚೆಲುವಿನ ಲೋಕವೆಂದು ಬಣ್ಣಿಸುವವರು ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ.

ನಿಜವಾದ ಬದಲಾವಣೆ ತಂದದ್ದು ಸ್ವಾತಂತ್ರ್ಯದ ನಂತರ ಬಂದ ರಸ್ತೆ ಮತ್ತು ಶಾಲೆ. ಓದಲು, ಕೆಲಸ ಹುಡುಕಲು ಹೊರಗೆ ಹೋದ ಮಕ್ಕಳಿಗೆ ಮುಖದ ಗುರುತು ಅಡ್ಡಿಯಾಯಿತು. ಊರಲ್ಲಿ ಗೌರವ ತಂದ ಗೆರೆಯನ್ನೇ ಹೊರಗಿನವರು ಬೆರಗಿನಿಂದ ದಿಟ್ಟಿಸಿದರು, ಅಣಕಿಸಿದರು. ಆ ಕಾಲದ ಓದಿದ ಯುವಕರು ಸುಮ್ಮನೆ ಕುಳಿತವರಲ್ಲ. ಹಳ್ಳಿಹಳ್ಳಿಯೂ ಬೇರೆಬೇರೆಯಾಗಿ ಆಚರಿಸುತ್ತಿದ್ದ, ಬೆಳೆ ಕಾಯುವಂತೆ ಬೇಡುವ ‘ದ್ರೀ’ ಹಬ್ಬವನ್ನು 1967ರಿಂದ ಎಲ್ಲರೂ ಒಂದೆಡೆ ಸೇರಿ ಜುಲೈನಲ್ಲಿ ಆಚರಿಸುವಂತೆ ಮಾಡಿದ್ದೂ ಅಂಥವರೇ. 1970ರ ದಶಕದಲ್ಲಿ ಯುವಜನರ ಸಂಘಟನೆ ಹಚ್ಚೆ ಮತ್ತು ಮೂಗಿನ ಬಿಲ್ಲೆಗಳನ್ನು ನಿಷೇಧಿಸಿತು, ಮೀರಿದವರಿಗೆ ದಂಡ ಎಂದಿತು. ಪದ್ಧತಿಯನ್ನು ಕೈಬಿಟ್ಟದ್ದು ಸಮಾಜವೇ, ದೂರದ ಸರ್ಕಾರದ ಆಜ್ಞೆಯಲ್ಲ. ಪ್ರವಾಸಿ ಬರಹಗಳಲ್ಲಿ ಈ ಸಂಗತಿಗೆ ಸಿಗುವ ಜಾಗ ತೀರಾ ಕಡಿಮೆ.

ಅವರು ಎಲ್ಲವನ್ನೂ ಕೈಬಿಡಲಿಲ್ಲ ಎಂಬುದೂ ಗಮನಿಸಬೇಕಾದ್ದು. ಮೂರು ಹಳ್ಳಿಗುಂಪುಗಳ ನಡುವೆ ಸರದಿಯಂತೆ ನಡೆಯುವ ‘ಮ್ಯೋಕೊ’ ಹಬ್ಬ ಮಾರ್ಚ್ ತಿಂಗಳಲ್ಲಿ ಇಂದಿಗೂ ಬರುತ್ತದೆ. ಆತಿಥ್ಯದ ಸರದಿ ಬಂದ ಹಳ್ಳಿಯ ಮನೆಗಳಿಗೆ ಬೇರೆ ಹಳ್ಳಿಗಳ ಗೆಳೆಯರು, ನೆಂಟರು ಸಾಲಾಗಿ ಬಂದು ಅಕ್ಕಿಯ ಬಿಯರ್ ಕುಡಿಯುತ್ತಾರೆ. ‘ನ್ಯಿಬು’ ಎಂಬ ಪೂಜಾರಿ ಮಂತ್ರ ಹೇಳಿ ಹಂದಿಗಳನ್ನು ಬಲಿಕೊಡುತ್ತಾನೆ. 1960ರ ದಶಕದಿಂದ ಅದೇ ಗದ್ದೆಗಳ ನೀರಿನಲ್ಲಿ ಮೀನೂ ಬೆಳೆಯುತ್ತಿದೆ. 2014ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಭಾರತ ಸೇರಿಸಿದ್ದು ಈ ಕಣಿವೆಯ ಸಾಂಸ್ಕೃತಿಕ ಭೂದೃಶ್ಯವನ್ನು.