ಕೊಬ್ಬರಿ ಎಣ್ಣೆ ಗಟ್ಟಿಯಾದ ಬೆಳಗ್ಗೆ

ಬೀದರಿಗೆ ಚಳಿಗಾಲ ಬಂತೆಂದು ನಮ್ಮ ಮನೆಯಲ್ಲಿ ಮೊದಲು ಸಾರುವುದು ಗೂಡಿನಲ್ಲಿರುವ ಕೊಬ್ಬರಿ ಎಣ್ಣೆಯ ಬಾಟಲಿ. ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಅದು ತುಪ್ಪದಂತೆ ಹೆಪ್ಪುಗಟ್ಟಿ, ತಲೆಕೆಳಗೆ ಹಿಡಿದು ಜಪ್ಪಯ್ಯ ಎಂದರೂ ಒಂದು ಹನಿ ಇಳಿಯುವುದಿಲ್ಲ. ಪಕ್ಕದ ಅಡುಗೆಮನೆಯಲ್ಲಿ ಕುಸುಬೆ ಎಣ್ಣೆ ಮಾತ್ರ ಮೇ ತಿಂಗಳಲ್ಲಿದ್ದಷ್ಟೇ ಸಲೀಸಾಗಿ ಹರಿಯುತ್ತದೆ. ಮನೆಯಂಗಳಕ್ಕೆ ಯಾವ ಗಿಡ ತರಬೇಕು, ಯಾವುದನ್ನು ಬಿಡಬೇಕು ಎಂಬ ಲೆಕ್ಕ ಈ ಎರಡು ಬಾಟಲಿಗಳ ನಡುವೆ ಇದೆ ಎಂದು ನನಗೆ ತಿಳಿದದ್ದು ಮೂರು ಕುಂಡ ಖಾಲಿಯಾದ ಮೇಲೆ.

ಗಣೇಶನ ಹಬ್ಬದ ಹೊತ್ತಿಗೆ ತಂದ ಡೈಫೆನ್‌ಬೇಕಿಯಾ ಎಂಬ ಅಲಂಕಾರದ ಗಿಡವನ್ನು ಮಾಳಿಗೆಯ ಮೇಲಿಟ್ಟಿದ್ದೆ. ಎಲ್ಲ ಹವೆಗೂ ಒಗ್ಗುತ್ತದೆ ಎಂದು ಮಾರಿದವನು ಹೇಳಿದ್ದ. ಜನವರಿಯ ಒಂದು ಬೆಳಗ್ಗೆ ಅದರ ಅಗಲದ ಎಲೆಗಳು ಬಿಸಿನೀರಿನಲ್ಲಿ ಅದ್ದಿ ತೆಗೆದ ಪಾಲಕ್ ಸೊಪ್ಪಿನಂತೆ ಜೋತುಬಿದ್ದಿದ್ದವು. ಬೆರಳು ಇಟ್ಟಲ್ಲಿ ತೇವ, ಬೆಳಕಿಗೆ ಹಿಡಿದರೆ ಕಪ್ಪು ಹಸಿರಿನ ಕಲೆ. ಕುಂಡದ ಮಣ್ಣು ಹಸಿಯಾಗಿಯೇ ಇತ್ತು. ಬಾಡಿದೆಯಲ್ಲ ಎಂದು ಇನ್ನೊಂದು ತಂಬಿಗೆ ನೀರು ಹಾಕಿದೆ. ನಾನು ಮಾಡಿದ ದೊಡ್ಡ ತಪ್ಪು ಅದೇ.

ಅಂದು ನಮ್ಮಲ್ಲೇನೂ ಮಂಜುಗಡ್ಡೆ ಬಿದ್ದಿರಲಿಲ್ಲ. ಸಮುದ್ರ ಮಟ್ಟದಿಂದ ಸುಮಾರು 700 ಮೀಟರ್ ಎತ್ತರದ ಈ ಜಂಬಿಟ್ಟಿಗೆ ನೆಲದಲ್ಲಿ, ಥಂಡಿ ಜೋರಾದ ವರ್ಷಗಳಲ್ಲಿ ರಾತ್ರಿಯ ತಾಪಮಾನ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ, ಅಷ್ಟೇ. ನೀರು ಹೆಪ್ಪುಗಟ್ಟಲು ಅದು ಏನೇನೂ ಸಾಲದು. ಆದರೆ ಮಳೆಕಾಡಿನಿಂದ ಬಂದ ಗಿಡ ಸಾಯಲು ನೀರು ಹೆಪ್ಪುಗಟ್ಟಬೇಕಾಗಿಲ್ಲ, ಅದರ ಕೊಬ್ಬು ಬಿಗಿದರೆ ಸಾಕು.

ಪ್ರತಿಯೊಂದು ಜೀವಕೋಶವನ್ನೂ ಸುತ್ತಿರುವ ಪೊರೆಯಲ್ಲಿ ಕೊಬ್ಬಿನ ಪಾಲು ದೊಡ್ಡದು. ಕೊಬ್ಬರಿ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲಗಳ ಸರಪಳಿಗಳು ಬಹುತೇಕ ನೆಟ್ಟಗಿರುತ್ತವೆ. ಅವು ಸೌದೆಯ ಹೊರೆಯಂತೆ ಒತ್ತೊತ್ತಾಗಿ ಕೂರುವುದರಿಂದ 24 ಡಿಗ್ರಿಯ ಸುಮಾರಿಗೇ ಎಣ್ಣೆ ಗಟ್ಟಿಯಾಗುತ್ತದೆ. ಕುಸುಬೆ ಎಣ್ಣೆಯ ಸರಪಳಿಗಳಲ್ಲಿ ಅಲ್ಲಲ್ಲಿ ಸೊಟ್ಟ ತಿರುವುಗಳಿವೆ. ಜಾಲಿಯ ಕೊಂಬೆಗಳನ್ನು ಹೊರೆ ಕಟ್ಟಲು ಹೋದವರಿಗೆ ಗೊತ್ತು, ಎಷ್ಟು ಒತ್ತಿದರೂ ನಡುವೆ ಸಂದು ಉಳಿದೇ ಉಳಿಯುತ್ತದೆ. ಪೊರೆಯ ಕೊಬ್ಬು ಅಡುಗೆಯ ಎಣ್ಣೆಗಿಂತ ಬೇರೆ ಬಗೆಯದು ನಿಜ, ಆದರೆ ಈ ನೆಟ್ಟಗೆ–ಸೊಟ್ಟಗಿನ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಚಳಿಗೆ ಬಿಗಿದುಕೊಂಡ ಪೊರೆ ಸೋರತೊಡಗುತ್ತದೆ. ಒಳಗಿನ ಲವಣ, ನೀರು ಹೊರಗೆ ಬರುತ್ತವೆ. ನನ್ನ ಬೆರಳಿಗೆ ಹತ್ತಿದ ತೇವ ಅದೇ.

1992ರಲ್ಲಿ ಜಪಾನಿನ ವಿಜ್ಞಾನಿ ನೊರಿಯೊ ಮುರಾಟ ಮತ್ತು ಸಂಗಡಿಗರು ಇದನ್ನು ತಂಬಾಕಿನ ಗಿಡದಲ್ಲಿ ತೋರಿಸಿಕೊಟ್ಟರು. ಚಳಿಗೆ ಅಳುಕುವ ಕುಂಬಳದ ಜಾತಿಯ ಗಿಡವೊಂದರಿಂದ ಪೊರೆಯ ಕೊಬ್ಬನ್ನು ನಿರ್ಧರಿಸುವ ಜೀನ್ ತಂದು ಸೇರಿಸಿದಾಗ ತಂಬಾಕು ಚಳಿಗೆ ಇನ್ನಷ್ಟು ಸೋತಿತು. ಚಳಿ ತಡೆಯುವ ಅರಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಪುಟ್ಟ ಗಿಡದ ಜೀನ್ ಸೇರಿಸಿದಾಗ ಚಳಿಯನ್ನು ಹೆಚ್ಚು ತಾಳಿಕೊಂಡಿತು. ನಿಸರ್ಗದಲ್ಲಿ ಅನೇಕ ಗಿಡಗಳು ಈ ಬದಲಾವಣೆಯನ್ನು ತಾವೇ ಸ್ವಲ್ಪಮಟ್ಟಿಗೆ ಮಾಡಿಕೊಳ್ಳುತ್ತವೆ. ಥಂಡಿ ಮೆಲ್ಲಗೆ ಏರಿದರೆ ಪೊರೆಯಲ್ಲಿ ಸೊಟ್ಟ ಸರಪಳಿಗಳನ್ನು ಹೆಚ್ಚಿಸಿಕೊಳ್ಳುತ್ತವೆ. ಆದ್ದರಿಂದ ನೆರಳುಮನೆಯಲ್ಲಿ ಬೆಚ್ಚಗೆ ಬೆಳೆದ ಗಿಡವನ್ನು ಡಿಸೆಂಬರಿನಲ್ಲಿ ಕೊಂಡು ತಂದು ಬಯಲಿಗಿಡುವುದು ಮಗುವನ್ನು ಸ್ವೆಟರ್ ಇಲ್ಲದೆ ಹೊಲಕ್ಕೆ ಕಳಿಸಿದಂತೆ.

ಬಾಡಿದ ಗಿಡಕ್ಕೆ ನೀರೇಕೆ ಹಾಕಬಾರದು? ತಣ್ಣಗಿನ ಮಣ್ಣಿನಲ್ಲಿ ಬೇರು ನೀರು ಎಳೆಯಲಾರದು. ಮೇಲೆ ಬಿಸಿಲು ಬಿದ್ದ ಎಲೆ ಆವಿ ಬಿಡುತ್ತಲೇ ಇರುತ್ತದೆ, ಇಂಥ ಗಿಡಗಳು ಪತ್ರರಂಧ್ರಗಳನ್ನು ಹೊತ್ತಿಗೆ ಸರಿಯಾಗಿ ಮುಚ್ಚುವುದೂ ಇಲ್ಲ. ಹೀಗೆ ಕೆಸರಿನಲ್ಲಿ ನಿಂತೇ ಗಿಡ ಬಾಯಾರುತ್ತದೆ. ಮತ್ತೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಚಳಿಗಾಲದಲ್ಲಿ ಮಣ್ಣಿನ ಮೇಲ್ಪದರ ಒಣಗಿದ ಮೇಲೆ, ಬಿಸಿಲೇರಿದ ಹೊತ್ತಿನಲ್ಲಿ ಹದವಾಗಿ ನೀರು ಕೊಟ್ಟರೆ ಸಾಕು.

ಮಾಳಿಗೆಯ ಮೇಲಿಟ್ಟದ್ದು ಇನ್ನೊಂದು ತಪ್ಪು. ಮೋಡವಿಲ್ಲದ ರಾತ್ರಿಯಲ್ಲಿ ಎಲೆ ತನ್ನ ಶಾಖವನ್ನು ನೇರವಾಗಿ ಆಕಾಶಕ್ಕೆ ಬಿಟ್ಟುಕೊಟ್ಟು, ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗ್ಗೆ ಅದರ ಮೇಲೆ ಕೂರುವ ಇಬ್ಬನಿಯೇ ಇದಕ್ಕೆ ಸಾಕ್ಷಿ. ಅದೇ ಕುಂಡ ಪಡಸಾಲೆಯ ಸೂರಿನಡಿ, ಹಗಲಿಡೀ ಬಿಸಿಲು ಕುಡಿದ ಕಲ್ಲುಗೋಡೆಯ ಪಕ್ಕದಲ್ಲಿದ್ದರೆ ಎಲೆಗೆ ಆಕಾಶದ ಬದಲು ಸೂರು ಕಾಣುತ್ತದೆ, ಗೋಡೆ ರಾತ್ರಿಯಲ್ಲಿ ಶಾಖ ಮರಳಿಸುತ್ತದೆ. ಹತ್ತು ಹೆಜ್ಜೆಯ ಅಂತರದಲ್ಲಿ ಗಿಡಕ್ಕೆ ಬೇರೆಯೇ ಊರು.

ಇನ್ನು ಆಯ್ಕೆಯ ಮಾತು. ಮೊಬೈಲಿನಲ್ಲಿ ಗಿಡ ಹುಡುಕಿದರೆ ಸಿಗುವ ‘ಹಾರ್ಡಿ’, ಅಂದರೆ ಚಳಿ ತಾಳುವ ಗಿಡ, ಎಂಬ ಪದವನ್ನು ನಾನು ನಂಬುವುದನ್ನು ಬಿಟ್ಟಿದ್ದೇನೆ. ಅದರ ಹಿಂದಿರುವುದು ಬಹುಮಟ್ಟಿಗೆ ಅಮೆರಿಕದ ಕೃಷಿ ಇಲಾಖೆ 1960ರಲ್ಲಿ ಹೊರತಂದ ಚಳಿ ವಲಯಗಳ ನಕ್ಷೆ. ಈಗ ಅದರಲ್ಲಿ 13 ವಲಯಗಳಿವೆ. ಹಿಮದಡಿ ಗಿಡ ಬದುಕುತ್ತದೆಯೇ ಎಂಬುದು ಅದರ ಚಿಂತೆ. ಟುಲಿಪ್, ಲೈಲಾಕ್‌ನಂಥ ಶೀತದೇಶದ ಹೂಗಿಡಗಳಿಗೆ ವಾರಗಟ್ಟಲೆ ಕೊರೆಯುವ ಚಳಿ ಸಿಗದಿದ್ದರೆ ಹೂವೇ ಇಲ್ಲ. ಸಿಕ್ಕರೂ ಏಪ್ರಿಲ್ ದಾಟುವುದು ಹೇಗೆ? 1997ರಲ್ಲಿ ಅಲ್ಲಿನ ತೋಟಗಾರಿಕಾ ಸಂಘ 30 ಡಿಗ್ರಿ ಮೀರುವ ದಿನಗಳನ್ನು ಎಣಿಸಿ ಸೆಕೆಯ ನಕ್ಷೆಯನ್ನೂ ಮಾಡಿತು. ನಮ್ಮ ಕಡೆ ಆ ದಿನಗಳನ್ನು ಎಣಿಸಲು ಫೆಬ್ರುವರಿಯಿಂದಲೇ ಬೆರಳು ಮಡಿಸಬೇಕು. ನಮಗಿಂತ ತಗ್ಗಿನಲ್ಲಿರುವ ಕಲಬುರಗಿ, ಯಾದಗಿರಿಯವರ ಪಾಡು ಇನ್ನೂ ಬಿಸಿ.

ಎರಡೂ ತುದಿ ತಾಳುವ ಗಿಡಗಳಲ್ಲಿ ನನ್ನ ಮೊದಲ ಮತ ಕಣಗಿಲೆಗೆ. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ. ಮಗು ಅಥವಾ ಮೇಕೆ ಇರುವ ಮನೆಯಲ್ಲಿ ಬೇಡ. ಬೋಗನ್‌ವಿಲ್ಲಾ ನೀರು ಕಡಿಮೆಯಾದಷ್ಟೂ ಚೆನ್ನಾಗಿ ಹೂ ಬಿಡುವ ಹಟಮಾರಿ. ದೇವಕಣಗಿಲೆಯ ಉಪಾಯವೇ ಬೇರೆ, ಎಲೆಗಳನ್ನೆಲ್ಲ ಉದುರಿಸಿ ಬೋಳಾಗಿ ನಿಂತುಬಿಡುತ್ತದೆ. ಸತ್ತಿತೆಂದು ಕಿತ್ತು ಎಸೆದವರನ್ನು ನಾನು ಬಲ್ಲೆ. ಮುಡಿಯಲು ಹೂ ಬೇಕೆಂದರೆ ಮಲ್ಲಿಗೆ ಸುಮ್ಮನಾದ ತಿಂಗಳುಗಳಲ್ಲಿ ಕಾಕಡ ಬಿಡುತ್ತದೆ. ಸೇವಂತಿಗೆ ಚಳಿಯನ್ನಲ್ಲ, ಇರುಳಿನ ಉದ್ದವನ್ನು ಎಣಿಸಿ ಮೊಗ್ಗಾಗುವ ಗಿಡ. ಹತ್ತಿರ ಬೀದಿದೀಪವಿದ್ದರೆ ಅದರ ಲೆಕ್ಕ ತಪ್ಪುತ್ತದೆ. ಪಿಟೂನಿಯಾ, ಫ್ಲಾಕ್ಸ್‌ಗಳನ್ನು ಅಕ್ಟೋಬರಿನಲ್ಲಿ ಬಿತ್ತಿ, ಹೋಳಿಯವರೆಗಿನ ಅತಿಥಿಗಳೆಂದು ತಿಳಿಯಬೇಕು. ಕನಕಾಂಬರ ಮತ್ತು ಕ್ರೋಟನ್‌ಗೆ ಗೋಡೆಯ ಪಕ್ಕದ ಜಾಗ. ಆಂಥೂರಿಯಂ, ಅಗ್ಲೋನಿಮಾ ಮನೆಯೊಳಗೇ ಇರಲಿ.

ಚಳಿ ತಾಗಿದ ಗಿಡವನ್ನು ಕಂಡ ಕೂಡಲೇ ಕತ್ತರಿಸಬಾರದು ಎಂಬುದೂ ತಡವಾಗಿ ಕಲಿತದ್ದು. ಸುಟ್ಟ ಎಲೆ ಕೆಳಗಿನ ಮೊಗ್ಗಿಗೆ ಕಂಬಳಿಯಾಗಿರುತ್ತದೆ. ನನ್ನ ಡೈಫೆನ್‌ಬೇಕಿಯಾದ ಕಾಂಡ ಪೂರ್ತಿ ಮೆತ್ತಗಾಗಿತ್ತು, ಕುಂಡದ ಮಣ್ಣನ್ನು ಸುರಿದುಬಿಡಬೇಕೆಂದು ಎತ್ತಿಟ್ಟು ಮರೆತಿದ್ದೆ. ಯುಗಾದಿಯ ಹಿಂದಿನ ದಿನ ಬೇವಿನ ಹೂ ತರಲು ಹಿತ್ತಲಿಗೆ ಹೋದಾಗ ನೋಡಿದರೆ, ಬುಡದಲ್ಲಿ ಕಿರುಬೆರಳಿನಷ್ಟು ಸುರುಳಿ ಎಲೆ.