ಪುಟ್ಟ ಕ್ಯಾಂಪಿಂಗ್ ಟ್ರೇಲರ್ ವಿನ್ಯಾಸ: ಹಾಸಿಗೆಯಿಂದ ಹಿಚ್‌ವರೆಗೆ

ಮನೆಯಲ್ಲೇ ಟ್ರೇಲರ್ ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಹೊರಗಿನ ಆಕಾರ ಬರೆಯುತ್ತಾರೆ. ಕಣ್ಣೀರ ಹನಿಯಂತೆ ಬಾಗಿದ ಸೂರಿನ ಬೆನ್ನು ನೋಡಲು ಚೆಂದ, ಅದಕ್ಕೇ ಕೈ ಅಲ್ಲಿಗೆ ಹೋಗುತ್ತದೆ. ಈ ಟಿಪ್ಪಣಿಯಲ್ಲಿ ನಾವು ಒಳಗಿನಿಂದ ಹೊರಗೆ ಬರೋಣ. ಮೊದಲು ಮಲಗುವ ಮನುಷ್ಯ, ಆಮೇಲೆ ಅವನ ಸುತ್ತ ಗೋಡೆ, ಕೊನೆಗೆ ಇಡೀ ಭಾರ ಚಕ್ರದ ಮೇಲೂ ಹಿಚ್ (ಟ್ರೇಲರನ್ನು ಎಳೆಯುವ ಗಾಡಿಗೆ ಸೇರಿಸುವ ಕೊಂಡಿ) ಮೇಲೂ ಹೇಗೆ ಕೂರುತ್ತದೆ ಎಂಬ ಲೆಕ್ಕ. ಒಳಗೆ ಹೋಗುವ ಪ್ರತಿ ವಸ್ತುವಿಗೂ ಮೂರು ಪ್ರಶ್ನೆ ಕೇಳಿ: ಎಷ್ಟು ಜಾಗ ಬೇಕು, ಎಷ್ಟು ತೂಕ, ಎಲ್ಲಿ ಇಡಬೇಕು. ಮೊದಲ ಎರಡನ್ನು ಎಲ್ಲರೂ ಕೇಳುತ್ತಾರೆ. ಮೂರನೆಯದೇ ಎಲ್ಲಕ್ಕಿಂತ ಮುಖ್ಯ ಅಂತ ನನ್ನ ಅಭಿಪ್ರಾಯ.

ಅಳತೆ ಎಲ್ಲಿಂದ ಬಂತು

ಟಿಯರ್‌ಡ್ರಾಪ್ ಎಂದು ಕರೆಯುವ ಈ ಮಾದರಿ ಅಮೆರಿಕದಲ್ಲಿ 1930ರ ದಶಕದಲ್ಲಿ ಜನಪ್ರಿಯವಾಯಿತು. 4 ಅಡಿ ಅಗಲ, 8 ಅಡಿ ಉದ್ದ ಇವತ್ತಿಗೂ ಇದರ ಸಾಮಾನ್ಯ ಅಳತೆ. ಪ್ಲೈವುಡ್ ಹಾಳೆ ಆ ಅಳತೆಗೆ ಹೊಂದುತ್ತದೆ: 1220 x 2440 ಮಿಮೀ. ಒಂದು ಹಾಳೆ ನೆಲಕ್ಕೆ, ತಲಾ ಒಂದು ಪಕ್ಕದ ಗೋಡೆಗಳಿಗೆ. ನಡುವೆ ಎಲ್ಲೂ ಜೋಡಣೆ ಬೇಡ.

ಇಲ್ಲಿ ಒಂದು ಸಣ್ಣ ನಿರ್ಧಾರ ಇದೆ. 24 ಮಿಮೀ ದಪ್ಪದ ಗೋಡೆಗಳನ್ನು ನೆಲದ ಹಾಳೆಯ ಮೇಲೆ ನಿಲ್ಲಿಸಿದರೆ ಒಳಗೆ 1172 ಮಿಮೀ ಅಗಲ ಉಳಿಯುತ್ತದೆ. ಅದೇ ಗೋಡೆಗಳನ್ನು ನೆಲದ ಅಂಚಿಗೆ ಹೊರಗಿನಿಂದ ಕೂರಿಸಿದರೆ ಪೂರ್ತಿ 1220 ಸಿಗುತ್ತದೆ. ಎತ್ತರದಲ್ಲಿ ಮಾತ್ರ ನೆಲದ ದಪ್ಪದಷ್ಟು ಕಳೆದುಕೊಳ್ಳುತ್ತೀರಿ. ಇಬ್ಬರು ಪಕ್ಕ ಪಕ್ಕ ಮಲಗಿದಾಗ ಆ 5 ಸೆಂಮೀ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಎದ್ದು ಕೂರುವ ಜಾಗ

ಇಷ್ಟು ಪುಟ್ಟ ಗೂಡಿನಲ್ಲಿ ನಿಲ್ಲಲು ಆಗುವುದಿಲ್ಲ, ಸರಿ. ಆದರೆ ಕೂತು ಬಟ್ಟೆ ಬದಲಿಸಲು ಆಗಲೇಬೇಕು. ದೊಡ್ಡವರು ಕೂತಾಗ ಆಸನದಿಂದ ನೆತ್ತಿಯವರೆಗೆ ಸುಮಾರು 85ರಿಂದ 95 ಸೆಂಮೀ ಎತ್ತರ ಬರುತ್ತದೆ. ಅದಕ್ಕೆ 10 ಸೆಂಮೀ ಹಾಸಿಗೆ ಸೇರಿಸಿ, ತಲೆ ಮೇಲೆ ಸ್ವಲ್ಪ ಜಾಗ ಬಿಡಿ. ಒಳಗೆ 110 ಸೆಂಮೀ ಇದ್ದರೆ ನೆಮ್ಮದಿ. 4 ಅಡಿ ಎತ್ತರದ ಗೋಡೆಯಲ್ಲಿ ಅಷ್ಟು ಸಿಗುವುದು ಬೆನ್ನಿನ ಅತಿ ಎತ್ತರದ ಭಾಗದಲ್ಲಿ ಮಾತ್ರ.

ಹಾಗಾದರೆ ಆ ಎತ್ತರದ ಭಾಗ ಎಲ್ಲಿರಬೇಕು? ದಿಂಬಿನ ಮೇಲೆ ಅಲ್ಲ. ನೀವೇ ಮಲಗಿ ಎದ್ದು ಕೂತು ನೋಡಿ. ತಲೆ ಸೊಂಟದ ನೇರಕ್ಕೆ ಬರುತ್ತದೆ ಅಲ್ವಾ? ಅಂದರೆ ತಲೆ ಕಡೆಯ ಗೋಡೆಯಿಂದ ಸುಮಾರು 90 ಸೆಂಮೀ ದೂರದಲ್ಲಿ ಸೂರು ಅತಿ ಎತ್ತರ ಇರಬೇಕು. ಈ ಒಂದು ಬಿಂದು ಗುರುತಿಸಿದ ಮೇಲೆ ಬಾಗಿನ ಗೆರೆ ಎಳೆಯುವುದು ಸುಲಭ.

ಕಾಲಿನ ಕಡೆ ಅಷ್ಟು ಎತ್ತರ ಬೇಡ. ಅಂಗಾಲು ಮೇಲ್ಮುಖವಾಗಿ ನಿಂತರೂ, ಹೊದಿಕೆ ಸೇರಿ, ಹಾಸಿಗೆಯಿಂದ 35 ಸೆಂಮೀ ಸಾಕು. ಅದರ ಮೇಲಿನ ಜಾಗವೆಲ್ಲ ಅಡುಗೆ ಕಪಾಟಿಗೆ. ಟಿಯರ್‌ಡ್ರಾಪ್‌ನ ಜಾಣತನ ಇರುವುದೇ ಇಲ್ಲಿ: ಕಾಲು ಕಪಾಟಿನ ಕೆಳಗೆ ತೂರುತ್ತದೆ, ಅಡುಗೆಯವರು ಹಿಂದಿನ ಡಿಕ್ಕಿ ಬಾಗಿಲು ಎತ್ತಿ ಹೊರಗೆ ನಿಂತು ಬೇಯಿಸುತ್ತಾರೆ. ಒಂದೇ ಉದ್ದ ಎರಡು ಕೆಲಸಕ್ಕೆ ಆಗುತ್ತದೆ.

ಬಾಗಿಲು 60ರಿಂದ 65 ಸೆಂಮೀ ಅಗಲ ಇರಲಿ. ಬಾಗಿಲಿನ ಹಿಂದಿನ ಕೆಳಮೂಲೆಗೂ ಚಕ್ರದ ಮಡ್‌ಗಾರ್ಡಿಗೂ ಜಗಳ ಬರುವುದು ಸಾಮಾನ್ಯ. ಅನೇಕ ಟಿಯರ್‌ಡ್ರಾಪ್‌ಗಳ ಬಾಗಿಲಿಗೆ ಆ ಮೂಲೆ ಬಾಗಿರುವುದು ಅಂದಕ್ಕಲ್ಲ, ಮಡ್‌ಗಾರ್ಡ್ ತಪ್ಪಿಸಲು.

ಇಷ್ಟನ್ನು ಕಾಗದದ ಮೇಲೆ ಬರೆದು ಸುಮ್ನೆ ನಂಬಬೇಡಿ. ನೆಲದ ಮೇಲೆ ಟೇಪ್ ಅಂಟಿಸಿ, ರಟ್ಟಿನಿಂದ ಗೋಡೆ ಮತ್ತು ಸೂರು ನಿಲ್ಲಿಸಿ, ಒಳಗೆ ಹೋಗಿ ಮಲಗಿ. ಇಬ್ಬರು ಬಳಸುವುದಾದರೆ ಇಬ್ಬರೂ ಮಲಗಿ. ಒಬ್ಬರು ಇನ್ನೊಬ್ಬರನ್ನು ದಾಟದೆ ಹೊರಗೆ ಬರಬಹುದೇ ನೋಡಿ. ಎರಡೂ ಕಡೆ ಬಾಗಿಲು ಏಕೆ ಇಡುತ್ತಾರೆ ಅಂತ ಆಗ ಅರ್ಥವಾಗುತ್ತದೆ.

ಗೋಡೆ

ಪ್ಲೈವುಡ್‌ನ ಸಾಂದ್ರತೆ ಘನ ಮೀಟರಿಗೆ ಸುಮಾರು 600 ಕೆಜಿ ಎಂದು ಹಿಡಿಯೋಣ. 12 ಮಿಮೀ ದಪ್ಪದ ಪೂರ್ತಿ ಹಾಳೆ 21 ಕೆಜಿ, 18 ಮಿಮೀದು 32 ಕೆಜಿ. ಈಗ ಇನ್ನೊಂದು ದಾರಿ: 18 ಮಿಮೀ ಹಾಳೆಯಲ್ಲಿ ಮೂರನೇ ಒಂದು ಭಾಗದಷ್ಟು ಚೌಕಟ್ಟು ಬಿಟ್ಟು ಉಳಿದದ್ದನ್ನು ಕತ್ತರಿಸಿ ತೆಗೆಯಿರಿ. ಆ ಕಿಂಡಿಗಳಿಗೆ ಫೋಮ್ ಹಾಳೆ ತುಂಬಿ, ಎರಡೂ ಬದಿಗೆ 3 ಮಿಮೀ ಪ್ಲೈ ಅಂಟಿಸಿ. ದಪ್ಪ 24 ಮಿಮೀ ಆಗುತ್ತದೆ, ತೂಕ ಮಾತ್ರ 22 ಕೆಜಿ ಆಸುಪಾಸು. ಹೆಚ್ಚುಕಡಿಮೆ 12 ಮಿಮೀ ಹಾಳೆಯ ತೂಕದಲ್ಲೇ ಚಳಿ ತಡೆಯುವ ಗೋಡೆ ಸಿಕ್ಕಿತು. ಬಾಗಿಲಿನ ಸುತ್ತ, ಕಪಾಟು ತೂಗುವ ಕಡೆ, ಡಿಕ್ಕಿ ಬಾಗಿಲಿನ ಹಿಂಜ್ ಬರುವ ಕಡೆ ಗಟ್ಟಿ ಮರ ಇರುವಂತೆ ಮೊದಲೇ ಗುರುತು ಮಾಡಿಕೊಳ್ಳಿ. ಫೋಮ್‌ನಲ್ಲಿ ಸ್ಕ್ರೂ ನಿಲ್ಲುವುದಿಲ್ಲ.

ಸೂರಿಗೆ ಪ್ಲೈ ಬಗ್ಗಿಸುವಾಗ ಮೇಲ್ಪದರದ ಎಳೆ ಟ್ರೇಲರ್‌ನ ಅಗಲದ ದಿಕ್ಕಿಗೆ ಇರಲಿ. ಆಗ ಹಾಳೆ ಸುಲಭವಾಗಿ ಬಾಗುತ್ತದೆ. ಸೂರಿನ ಹೊದಿಕೆ ಪಕ್ಕದ ಗೋಡೆಯ ಅಂಚನ್ನು ದಾಟಿ ಮುಚ್ಚಬೇಕು. ಅಂಚುಪಟ್ಟಿಯ ಕೆಳಗೆ ಬ್ಯುಟೈಲ್ ಟೇಪ್ (ನೀರು ತಡೆಯುವ ರಬ್ಬರಿನಂಥ ಅಂಟುಪಟ್ಟಿ) ಹಾಕಿ. ಅದು ವರ್ಷಗಟ್ಟಲೆ ಮೆತ್ತಗೇ ಇರುತ್ತದೆ, ಬೇಕಾದಾಗ ಬಿಚ್ಚಬಹುದು. ಸಿಲಿಕೋನ್ ಬಳಿದ ಮೇಲೆ ಅದರ ಮೇಲೆ ಬಣ್ಣ ಹಿಡಿಯುವುದಿಲ್ಲ, ಮುಂದೆ ಸರಿಪಡಿಸುವುದೂ ಕಷ್ಟ.

ಉಸಿರಿನ ತೇವ

ಈ ವಿಷಯಕ್ಕೆ ಜನ ಕೊಡುವ ಗಮನ ಸಾಲದು, ಅದಕ್ಕೇ ಲೆಕ್ಕ ಮಾಡಿ ತೋರಿಸುತ್ತೇನೆ. ಮಲಗಿದ ಒಬ್ಬರ ಉಸಿರು ಮತ್ತು ಚರ್ಮದಿಂದ ಗಂಟೆಗೆ ಸುಮಾರು 40 ಗ್ರಾಂ ನೀರು ಆವಿಯಾಗಿ ಹೊರಬರುತ್ತದೆ. ಇಬ್ಬರಾದರೆ 80 ಗ್ರಾಂ. ಮಲಗುವ ಕೋಣೆಯೊಳಗಿನ ಗಾಳಿ ಸುಮಾರು 2 ಘನ ಮೀಟರ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಆವಿ ಹಿಡಿಯುತ್ತದೆ. ಬಾಗಿಲು ಹಾಕುವಾಗಲೇ ಗಾಳಿಯಲ್ಲಿ 60% ತೇವ ಇದ್ದರೆ, ಇನ್ನು ಹಿಡಿಯಬಲ್ಲದ್ದು ಒಟ್ಟು 14 ಗ್ರಾಂ. ಎಲ್ಲ ಮುಚ್ಚಿ ಮಲಗಿದರೆ ಅದು ಹತ್ತೇ ನಿಮಿಷದಲ್ಲಿ ತುಂಬುತ್ತದೆ. ರಾತ್ರಿಯಿಡೀ ಅಂದರೆ ಎಂಟು ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ನೀರು. ಅದೆಲ್ಲ ಕಿಟಕಿ ಗಾಜಿನ ಮೇಲೆ, ಲೋಹದ ಸ್ಕ್ರೂಗಳ ಮೇಲೆ, ಹಾಸಿಗೆಯ ಅಡಿಗೆ ಹೋಗಿ ಕೂರುತ್ತದೆ.

ಆದ್ದರಿಂದ ಗಾಳಿಗೆ ಎರಡು ದಾರಿ ಬೇಕು: ಒಂದು ಕೆಳಗೆ, ಒಂದು ಸೂರಿನಲ್ಲಿ. ಸೂರಿನದಕ್ಕೆ ನಿಧಾನವಾಗಿ ತಿರುಗುವ ಫ್ಯಾನ್ ಇದ್ದರೆ ಉತ್ತಮ. ಹಾಸಿಗೆಯನ್ನು ನೇರ ಪ್ಲೈ ಮೇಲೆ ಹಾಸದೆ ಪಟ್ಟಿಗಳ ಮೇಲೆ ಹಾಸಿ. ಅಡಿಯಲ್ಲಿ ಗಾಳಿ ಆಡದಿದ್ದರೆ ಅಲ್ಲೇ ಬೂಸ್ಟು ಶುರುವಾಗುತ್ತದೆ.

ಮಲಗುವ ಕೋಣೆಯೊಳಗೆ ಒಲೆ, ಇದ್ದಿಲು, ಗ್ಯಾಸ್ ಹೀಟರ್ ಯಾವುದೂ ಬೇಡ. ಇಷ್ಟು ಕಡಿಮೆ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಬೇಗ ಪ್ರಾಣ ತೆಗೆಯುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅಡುಗೆ ಹೊರಗೇ ಆದರೂ ಒಳಗೊಂದು ಅಲಾರಂ ಇರಲಿ. ಅಡುಗೆ ಅನಿಲ ಗಾಳಿಗಿಂತ ಭಾರ. ಹಾಗಾಗಿ ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಬೇಕು.

ಕರೆಂಟಿನ ಲೆಕ್ಕ ಚಿಕ್ಕದು. ಫ್ಯಾನ್ 1 ಆಂಪಿಯರ್‌ನಂತೆ 8 ಗಂಟೆ, ಜೊತೆಗೆ ಎಲ್‌ಇಡಿ ದೀಪ, ಎರಡು ಫೋನ್ ಚಾರ್ಜ್. ಎಲ್ಲ ಸೇರಿ 12 ವೋಲ್ಟ್‌ನಲ್ಲಿ ದಿನಕ್ಕೆ 13 ಆಂಪಿಯರ್-ಅವರ್ ಸಾಕು. 50 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಮೂರು ದಿನ ಆರಾಮವಾಗಿ ಬರುತ್ತದೆ. ಫ್ಯೂಸ್ ಬ್ಯಾಟರಿಗೆ ತೀರಾ ಹತ್ತಿರ ಇರಲಿ.

ಹಿಚ್ ಮೇಲಿನ ಭಾರ

ಈಗ ಮೂರನೇ ಪ್ರಶ್ನೆ: ಎಲ್ಲಿ ಇಡಬೇಕು. ಟ್ರೇಲರ್‌ನ ಹಿಂಭಾಗ ಭಾರವಾದರೆ ವೇಗ ಹೆಚ್ಚಿದಂತೆ ಅದು ಬಾಲ ಆಡಿಸಲು ಶುರುಮಾಡುತ್ತದೆ. ಒಮ್ಮೆ ಜೋರಾಗಿ ಶುರುವಾದರೆ ಎಳೆಯುವ ಗಾಡಿಯನ್ನೂ ಎಳೆದಾಡಬಹುದು. ಹಾಗಾಗಿ ಒಟ್ಟು ತೂಕದ ಒಂದು ಪಾಲು ಹಿಚ್ ಮೇಲೆ ಬೀಳಬೇಕು. ಅಮೆರಿಕದ ರೂಢಿ 10ರಿಂದ 15%. ಬ್ರಿಟನ್ನಿನಲ್ಲಿ ಕ್ಯಾರವಾನ್‌ಗಳಿಗೆ ಹೇಳುವುದು 5ರಿಂದ 7%. ಎಲ್ಲೇ ಆದರೂ ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬರೆದ ಮಿತಿ ಮೀರುವಂತಿಲ್ಲ. ಇಲ್ಲಿ 10%ಕ್ಕಿಂತ ಸ್ವಲ್ಪ ಮೇಲೆ ಎಂದು ಗುರಿ ಇಟ್ಟುಕೊಳ್ಳೋಣ.

ಉದಾಹರಣೆ ಮಾಡೋಣ. ಎಲ್ಲ ದೂರವನ್ನೂ ಹಿಚ್‌ನ ಗುಂಡಿನಿಂದ ಅಳೆಯಿರಿ. ಗೂಡು 1.0 ಮೀಟರ್‌ನಿಂದ 3.4 ಮೀಟರ್‌ವರೆಗೆ, ಆಕ್ಸಲ್ (ಚಕ್ರಗಳ ಅಚ್ಚು) 2.5 ಮೀಟರ್‌ನಲ್ಲಿ. ಪ್ರತಿಯೊಂದರ ತೂಕವನ್ನು ಅದರ ದೂರದಿಂದ ಗುಣಿಸಿ:

ಚಾಸಿ, ಆಕ್ಸಲ್, ಚಕ್ರ: 130 ಕೆಜಿ x 2.3 = 299
ಗೋಡೆ, ನೆಲ, ಸೂರು: 150 x 2.2 = 330
ಹಾಸಿಗೆ, ಬಟ್ಟೆಬರೆ: 40 x 1.9 = 76
ಅಡುಗೆ ಕಪಾಟು, ಸಾಮಾನು: 50 x 3.1 = 155
ಬ್ಯಾಟರಿ ಪೆಟ್ಟಿಗೆ: 15 x 1.2 = 18
ನೀರು, ಅಡುಗೆ ಕಡೆ: 20 x 3.1 = 62

ಒಟ್ಟು ತೂಕ 405 ಕೆಜಿ, ಗುಣಲಬ್ಧಗಳ ಮೊತ್ತ 940. ಆ ಮೊತ್ತವನ್ನು ಆಕ್ಸಲ್ ದೂರದಿಂದ ಭಾಗಿಸಿದರೆ ಚಕ್ರ ಹೊರುವ ಭಾರ: 940 / 2.5 = 376. ಉಳಿದ 29 ಕೆಜಿ ಹಿಚ್ ಮೇಲೆ. ಅಂದರೆ 7.2%, ನಮ್ಮ ಗುರಿಗೆ ಕಡಿಮೆ.

ಬರೀ ನೀರಿನ ಕ್ಯಾನನ್ನು ಮುಂದೆ, 1.2 ಮೀಟರ್‌ಗೆ ತಂದರೆ? ಮೊತ್ತ 902, ಹಿಚ್ ಮೇಲೆ 44 ಕೆಜಿ, 10.9%. ಇಪ್ಪತ್ತು ಲೀಟರ್ ನೀರು ಜಾಗ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ! ಆದರೆ ನೀರು ಖರ್ಚಾಗುತ್ತದೆ. ಕ್ಯಾನ್ ಖಾಲಿಯಾದಾಗ ಮತ್ತೆ 34 ಕೆಜಿ, 8.8%ಕ್ಕೆ ಇಳಿಯುತ್ತದೆ. ಹೋಗುವಾಗ ಸರಿಯಿದ್ದ ಟ್ರೇಲರ್ ಬರುವಾಗ ಸರಿಯಿಲ್ಲ.

ಆದ್ದರಿಂದ ಖರ್ಚಾಗುವ ಭಾರವನ್ನು ಆಕ್ಸಲ್ ನೇರಕ್ಕೇ ಇಡಬೇಕು. ಆಕ್ಸಲನ್ನು 10 ಸೆಂಮೀ ಹಿಂದೆ, 2.6 ಮೀಟರ್‌ಗೆ ಸರಿಸಿ. ಆಕ್ಸಲ್ ಮತ್ತು ಚಕ್ರ 60 ಕೆಜಿ ಎಂದುಕೊಂಡರೆ ಮೊತ್ತಕ್ಕೆ 6 ಸೇರುತ್ತದೆ. ನೀರಿಲ್ಲದೆ 385 ಕೆಜಿ, ಮೊತ್ತ 884. 884 / 2.6 = 340, ಹಿಚ್ ಮೇಲೆ 45 ಕೆಜಿ, 11.7%. ಆಕ್ಸಲ್ ನೇರಕ್ಕೆ 20 ಲೀಟರ್ ತುಂಬಿದರೂ ಹಿಚ್ ಮೇಲೆ ಅದೇ 45 ಕೆಜಿ, ಈಗ 11.1%. ಚಾಸಿಗೆ ಆಕ್ಸಲ್ ಬೆಸುಗೆ ಹಾಕುವ ಮೊದಲು ಈ ಲೆಕ್ಕ ಮುಗಿದಿರಬೇಕು. ಆಮೇಲೆ 10 ಸೆಂಮೀ ಸರಿಸುವುದು ದೊಡ್ಡ ಕೆಲಸ.

ಕಟ್ಟಿ ಮುಗಿದ ಮೇಲೆ ಸಾಮಾನೆಲ್ಲ ತುಂಬಿ ನಿಜವಾದ ಭಾರ ಅಳೆಯಿರಿ. ಮೈತೂಕ ನೋಡುವ ಮಷಿನ್ ಸಾಕು. ನೆಲ ಸಮವಾಗಿರಲಿ, ಚಕ್ರಗಳಿಗೆ ಅಡ್ಡ ಕೊಡಿ. ಮಷಿನ್ ಮೇಲೆ ಮರದ ತುಂಡೊಂದನ್ನು ನಿಲ್ಲಿಸಿ, ಎಳೆಯುವಾಗ ಇರುವ ಎತ್ತರಕ್ಕೆ ಕಪ್ಲರನ್ನು (ಹಿಚ್‌ನ ಗುಂಡಿನ ಮೇಲೆ ಕೂರುವ ಟ್ರೇಲರ್‌ನ ಮೂತಿ) ಅದರ ಮೇಲೆ ಕೂರಿಸಿ. ಟ್ರೇಲರ್‌ನ ಮುಂಭಾಗ ಎತ್ತಿ ನಿಲ್ಲಿಸುವ ಜಾಕ್ ಅಡಿಯಲ್ಲಿ ಮಷಿನ್ ಇಟ್ಟು ಅಳೆಯಬೇಡಿ. ಜಾಕ್ ಕಪ್ಲರಿಗಿಂತ ಆಕ್ಸಲ್‌ಗೆ ಹತ್ತಿರ ಇರುವುದರಿಂದ ಅಲ್ಲಿ ಅಂಕಿ ನಿಜಕ್ಕಿಂತ ಜಾಸ್ತಿ ಬರುತ್ತದೆ.